ಎರಡು ಬೆರಳಿನ ಸಂದು

ಆಯಿಲ್‌ಡೇಲ್, ಕ್ಯಾಲಿಫೋರ್ನಿಯಾ
ಜೂನ್ 15, 1998, ಸೋಮವಾರ ಬೆಳಗ್ಗೆ

ನನ್ನ ಮುದ್ದು ಮಾರ್ಲಾ,

ಹೇಗಿದ್ದೀಯ ಮಗಳೇ? ಹಡಗಿನ ಊಟ ಈಗಲಾದರೂ ಒಗ್ಗಿತೇ? ಮೊಣಕೈ ಸುಟ್ಟ ಗಾಯ ಮಾಯುತ್ತಿದೆ ಅಂತ ಒಂದೇ ಒಂದು ಸಾಲು ಬರೆದು ಮುಂದಕ್ಕೆ ಓಡಿಬಿಟ್ಟಿದ್ದೀಯ. ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವರಿಗೆ ತುಂಬುತೋಳಿನ ಅಂಗಿ ಕೊಡಬೇಕೆಂದು ನಿಮ್ಮ ನೌಕಾದಳದವರಿಗೆ ಯಾರೂ ಹೇಳಿಕೊಟ್ಟಿಲ್ಲವೇ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ತಾತನ ಬಲಭುಜ ಮಾತ್ರ ಎತ್ತಿದರೆ ಕಿರುಗುಟ್ಟುತ್ತದೆ. ಕೇಳಿದರೆ ಭುಜಕ್ಕೇನೂ ಆಗಿಲ್ಲ, ನಾನು ಒಗೆದು ಒಗೆದು ಅಂಗಿ ಬಿಗಿಯಾಗಿದೆ ಅನ್ನುತ್ತಾರೆ. ಬಿಸಿಲು ಈಗಲೇ ಸುಡುತ್ತಿದೆ. ನನ್ನ ಬೆಂಡೆಗಿಡಗಳಿಗೆ ಮಾತ್ರ ಅದು ಹಬ್ಬ.

ಇನ್ನು ಸುದ್ದಿ. ನೀನು ಸಂಬಳ ಕೂಡಿಟ್ಟು ತರಿಸಿದ ಟಯರುಗಳು ಗುರುವಾರ ಬಂದವು. ಮುಂದಿನವೆರಡು ಸಣಕಲು, ಹಿಂದಿನವೆರಡು ನಮ್ಮ ಊಟದ ತಟ್ಟೆಯಷ್ಟು ಅಗಲ, ಪಕ್ಕಕ್ಕೆ ಕೆನೆಯಂಥ ಬಿಳಿ ಪಟ್ಟಿ. ಐವತ್ತರ ದಶಕದ ನಮೂನೆಯಲ್ಲೇ ಹೊಸದಾಗಿ ಮಾಡಿದ್ದು ಅಂತ ನೀನು ಬರೆದಿದ್ದೆಯಲ್ಲ, ತಾತ ಸುತ್ತಿದ ಕಾಗದ ಬಿಚ್ಚಿ ಅದರ ಮೇಲಿನ ಗೆರೆಗಳನ್ನು ಬೆರಳಿಂದ ಒಂದೊಂದಾಗಿ ಸವರಿದರು. ಆಮೇಲೆ, “ಲೇ ಓಪಲ್, ಇಪ್ಪತ್ತೆರಡನೇ ವಯಸ್ಸಲ್ಲಿ ಅಂಗಡಿ ಗಾಜಿಗೆ ಮೂಗು ಒತ್ಕೊಂಡು ನೋಡ್ತಿದ್ದದ್ದು ಇದನ್ನೇ ಕಣೇ” ಅಂದರು. ನನಗೆ ಅದು ಗೊತ್ತೇ ಇರಲಿಲ್ಲ. ನಲವತ್ತೇಳು ವರ್ಷ ಜೊತೆಗೆ ಬಾಳಿದರೂ ಗಂಡಸರು ಇಂಥದ್ದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿರುತ್ತಾರೋ.

ಟಯರುಗಳನ್ನು ಯಾವುದಾದರೂ ಅಂಗಡಿಯಲ್ಲಿ ಹಾಕಿಸಿ, ಅಪ್ಪನ ಅಂಗಡಿಗೆ ಮಾತ್ರ ಬೇಡ ಎಂದು ನೀನು ಬರೆದಿದ್ದೆ. ನಾನು ಅದನ್ನು ಮೀರಲಿಲ್ಲ, ನನ್ನಾಣೆ. ಆದರೆ ತಾತ ಬಿಡಬೇಕಲ್ಲ. ಎಣ್ಣೆಬಾವಿಗಳ ಲಾರಿಗಳಿಗೆ ಮೂವತ್ತು ವರ್ಷ ಟಯರು ಹಾಕಿದ ಕೈ ಇದು, ನಮ್ಮ ಹುಡುಗಿ ಹಳೇ ಕಾರು ಬಿಚ್ಚಿ ತಾನೇ ಕಟ್ಟಿದ ಹಾಟ್ ರಾಡಿಗೆ ಇನ್ಯಾರೋ ಹಾಕುವುದೇ ಎಂದು ಹಟ ಹಿಡಿದರು. ನಿನ್ನೆ ಚರ್ಚಿನಿಂದ ಬಂದವರೇ ಟಯರುಗಳನ್ನು ಅಂಗಳದಲ್ಲಿ ಬಿಸಿಲಿಗೆ ಹರಡಿದರು. ಕಾದರೆ ರಬ್ಬರು ಬಗ್ಗುತ್ತದಂತೆ. ನೀನೇ ಕೆಂಪು ಬಣ್ಣ ಬಳಿದಿಟ್ಟಿದ್ದ ಚಕ್ರಗಳನ್ನು ನನ್ನ ಹಳೆಯ ರಜಾಯಿಯ ಮೇಲೆ ಇಟ್ಟರು. ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಬಕೆಟ್, ಟ್ಯೂಬುಗಳಿಗೆ ಸವರಲು ನನ್ನ ಲ್ಯಾವೆಂಡರ್ ಪೌಡರಿನ ಡಬ್ಬಿ ಪೂರ್ತಿ. ನಿನ್ನ ಕಾರು ಇನ್ನು ಒಂದು ವರ್ಷ ಅಜ್ಜಿಯ ವಾಸನೆ ಹೊಡೆಯುತ್ತದೆ, ತಿಳಿದಿರು.

ಹಿಂದಿನ ಅಗಲದ ಟಯರಿನಿಂದಲೇ ಶುರು ಮಾಡಿದೆವು, ಅದೇ ತಪ್ಪು. ಒಂದು ಕಡೆಯ ಅಂಚು ಹೇಗೋ ರಿಮ್ಮಿನೊಳಗೆ ಇಳಿಯಿತು. ಇನ್ನೊಂದು ಅಂಚು ಏನು ಮಾಡಿದರೂ ಇಳಿಯಲಿಲ್ಲ. ತಾತ ಕಬ್ಬಿಣದ ಮೀಟುಗೋಲು, ಅದೇ ಲಿವರ್, ಹಾಕಿ ಈ ಕಡೆ ಎಬ್ಬಿಸಿದರೆ ಆ ಕಡೆ ಪುಟಿದು ಹೊರಗೆ ಬರುತ್ತದೆ. ಕೊನೆಗೆ ಚರ್ಚಿನ ಬಟ್ಟೆಯಲ್ಲೇ ನಾನು ಟಯರಿನ ಮೇಲೆ ಹತ್ತಿ ಕೂತೆ. “ಇನ್ನೂ ಸ್ವಲ್ಪ ಭಾರ ಬಿಡು ಕಣೇ” ಅಂತ ಅವರು. “ಇರೋ ಭಾರ ಎಲ್ಲಾ ಬಿಟ್ಟಿದೀನ್ರೀ, ಇನ್ನು ಪಕ್ಕದ್ಮನೆಯವ್ರನ್ನ ಕರೀಬೇಕಷ್ಟೆ” ಅಂತ ನಾನು. ಅಷ್ಟರಲ್ಲಿ ಗೇಟು ಸದ್ದಾಯಿತು. ನೋಡಿದರೆ ನಿಮ್ಮಪ್ಪ.

ನಾನು ಕರೆದಿರಲಿಲ್ಲ ಮಾರ್ಲಾ. ಮನೆಯ ಮೇಲಿನ ಕೂಲರು ಸರಿಯಾಗಿ ಗಾಳಿ ಕೊಡುತ್ತಿಲ್ಲ ಎಂದು ಹದಿನೈದು ದಿನದ ಹಿಂದೆ ಹೇಳಿದ್ದೆ, ಅದಕ್ಕೆ ಬಂದಿದ್ದ. ಟಯರಿನ ಮೇಲೆ ಕೂತ ತಾಯಿಯನ್ನೂ ಲಿವರು ಒತ್ತುತ್ತ ಹುಲ್ಲಿನ ಮೇಲೆ ಮಲಗಿದ್ದ ತಂದೆಯನ್ನೂ ನೋಡಿದ. ಕೆಂಪು ಚಕ್ರಗಳನ್ನು ನೋಡಿದ. ಯಾರ ಕಾರಿನವು ಎಂದು ಗೊತ್ತಾಗದೆ ಇರುತ್ತದೆಯೇ? ಏಣಿ ಎತ್ತಿಕೊಂಡು ಚಾವಣಿ ಹತ್ತಿಬಿಟ್ಟ. ನೀನು ಹೇಳದೆ ಕೇಳದೆ ನೌಕಾದಳಕ್ಕೆ ಸಹಿ ಹಾಕಿ ಬಂದ ದಿನ ಅವನು ಏನಂದನೋ ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ತಾಯಿಯಿಲ್ಲದ ಮಗುವನ್ನು ಅಂಗಡಿಯ ಟಯರು ರಾಶಿಗಳ ನಡುವೆ ಬೆಳೆಸಿದವನು, ಅವಳು ಅಲ್ಲೇ ಇರುತ್ತಾಳೆ ಅಂದುಕೊಂಡಿದ್ದ. ನಿನ್ನ ಪತ್ರಗಳಿಗೆ ಅವನು ಉತ್ತರ ಬರೆಯದೆ ಹದಿನಾಲ್ಕು ತಿಂಗಳಾಯಿತು. ನನಗೆ ಮಗನ ಮೇಲೆ ಸಿಟ್ಟೇನೂ ಕಡಿಮೆಯಿಲ್ಲ.

ಚಾವಣಿಯ ಮೇಲೆ ಸುತ್ತಿಗೆ ಸದ್ದು ಕೇಳುತ್ತಿತ್ತು. ನಾವು ಮತ್ತೆ ಗುದ್ದಾಡತೊಡಗಿದೆವು. ಸುತ್ತಿಗೆ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದ ಮಾತು ಬಂತು: “ಅಮ್ಮಾ, ಅದನ್ನ ಬಿಚ್ಚಿ ಮಗುಚಿ ಹಾಕೋಕೆ ಹೇಳು.” ನಾನು ತಲೆಯೆತ್ತಿದೆ. ಅವನು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ, ಕೂಲರಿಗೆ ಹೇಳುತ್ತಿರುವವನ ಹಾಗೆ, “ರಿಮ್ಮಿನ ಹಳ್ಳ ಹಿಂದಿನ ಕಡೆಗಿದೆ. ಅಂಚು ಆ ಹಳ್ಳಕ್ಕೆ ಇಳಿದ್ರೇನೇ ಈ ಕಡೆ ಸಡಿಲ ಆಗೋದು. ಮುಂದಿನ ಕಡೆಯಿಂದ ನಾಳೆತನಕ ಗುದ್ದಾಡಿದ್ರೂ ಆಗಲ್ಲ” ಅಂದ. ತಾತನಿಗೆ ಸಿಟ್ಟು ಕೆರಳಿತು. “ನಿಂಗೆ ಲಿವರ್ ಹಿಡಿಯೋದು ಹೇಳ್ಕೊಟ್ಟೋನು ನಾನು ಕಣೋ ರಸೆಲ್” ಅಂದರು. “ಲಾರಿ ಚಕ್ರ ಹೇಳ್ಕೊಟ್ಟೆ ಅಪ್ಪ. ಇದು ಲಾರಿ ಅಲ್ಲ” ಅಂದ. ತಾತ ಗೊಣಗುತ್ತಲೇ ಟಯರು ಬಿಚ್ಚಿ, ಚಕ್ರವನ್ನು ಮಗುಚಿ, ಮೊದಲ ಅಂಚನ್ನು ಮತ್ತೆ ಇಳಿಸಿದರು. ನಾನು ಹತ್ತಿ ಕೂತೆ. ಅರ್ಧ ಅಂಚು ಬೆಣ್ಣೆಯ ಹಾಗೆ ಜಾರಿತು.

ಉಳಿದರ್ಧಕ್ಕೆ ಭುಜ ಕೈಕೊಟ್ಟಿತು. ತಾತ ಲಿವರನ್ನು ಎಡಗೈಗೆ ಬದಲಾಯಿಸಿಕೊಂಡು ಒತ್ತಿದರು ನೋಡು, “ನಿಲ್ಸಪ್ಪಾ, ಟ್ಯೂಬು ಕಚ್ಕೊಳ್ತಿದೆ, ಬಣ್ಣಾನೂ ಹೋಗತ್ತೆ” ಎನ್ನುತ್ತ ನಿಮ್ಮಪ್ಪ ಏಣಿಯ ಅರ್ಧ ಮೆಟ್ಟಿಲು ಬಿಟ್ಟು ಇಳಿದು ಬಂದ. ಕಸದ ಬುಟ್ಟಿಯಿಂದ ಹಾಲಿನ ಪ್ಲಾಸ್ಟಿಕ್ ಕ್ಯಾನು ತೆಗೆದು ಚಾಕುವಿನಿಂದ ಪಟ್ಟಿಗಳಾಗಿ ಕತ್ತರಿಸಿದ. ಲಿವರು ತಾಗುವ ಕಡೆಯೆಲ್ಲ ಅವನ್ನು ರಿಮ್ಮಿನ ಮೇಲೆ ಹಾಸಿ ಮಂಡಿಯೂರಿ ಕೂತ. ಆಮೇಲೆ ನಾವಿಬ್ಬರೂ ಸುಮ್ಮನೆ ನೋಡಿದ್ದಷ್ಟೆ. ಅಷ್ಟು ದೊಡ್ಡ ಕೈಗಳಲ್ಲಿ ಅಷ್ಟು ಮೆತ್ತಗೆ ಕೆಲಸ ಮಾಡುವುದನ್ನು ನಾನು ನೋಡಿದ್ದು ಹಿಂದೆ ಒಮ್ಮೆ ಮಾತ್ರ, ನಿನಗೆ ಮೊದಲ ಸಲ ಜಡೆ ಹಾಕಿದಾಗ. ಗಾಳಿ ತುಂಬಿದಾಗ ಅಂಚುಗಳು ಠಪ್ ಠಪ್ ಎಂದು ಕೂತ ಸದ್ದಿಗೆ ತಾತ ಚಪ್ಪಾಳೆ ತಟ್ಟಿದರು, ಭುಜ ಮರೆತು. ಮೂರನೇ ಚಕ್ರದ ಒಂದು ಕಡೆ ಬಣ್ಣ ಹನಿಯಾಗಿ ಇಳಿದು ಒಣಗಿತ್ತು. ನಿಮ್ಮಪ್ಪ ಅದರ ಮೇಲೆ ಹೆಬ್ಬೆರಳಾಡಿಸಿ, “ಇದಕ್ಕೆ ಯಾವಾಗ್ಲೂ ಅವಸರ” ಅಂದ. ಹದಿನಾಲ್ಕು ತಿಂಗಳಲ್ಲಿ ಅವನ ಬಾಯಿಂದ ನಿನ್ನ ಸುದ್ದಿ ಬಂದದ್ದು ಅದೇ ಮೊದಲು. ನಾನು ಬಕೆಟ್ಟಿನ ನೀರು ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಂದೆ.

ಚಕ್ರಗಳನ್ನು ಕಾರಿಗೆ ಸಿಕ್ಕಿಸಿ ಸ್ಟ್ಯಾಂಡಿನಿಂದ ಇಳಿಸಿದ ಮೇಲೆ ಇನ್ನೊಂದು ಪರೀಕ್ಷೆ. ಇಷ್ಟು ಅಗಲದ ಟಯರು ಹಿಂದಿನ ಮಡ್‌ಗಾರ್ಡಿಗೆ ಉಜ್ಜುತ್ತದೆ ಎಂದು ಅವನು, ಇಲ್ಲ ಎಂದು ನೀನು, ನಿನ್ನ ಹದಿನಾರನೇ ವಯಸ್ಸಿನಿಂದ ಜಗಳ ಆಡುತ್ತಿದ್ದಿರಂತೆ. ಅವನು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಸಂದಿಯಲ್ಲಿ ಕೈ ತೂರಿಸಿದ. ಎರಡು ಬೆರಳು ಸಲೀಸಾಗಿ ಹೋದವು. ಇನ್ನೊಂದು ಕಡೆ ಹೋಗಿ ನೋಡಿದ, ಅಲ್ಲೂ ಎರಡು ಬೆರಳು. ಭಾರ ಬೀಳಲಿ ಎಂದು ನಮ್ಮಿಬ್ಬರನ್ನೂ ಕಾರಿನ ಹಿಂದಿನ ಮೂಲೆಗೆ ಹತ್ತಿಸಿ ಕುಣಿಸಿ ಮತ್ತೆ ನೋಡಿದ. ಆಮೇಲೆ ನೆಲದ ಮೇಲೆ ಕಾಲು ಚಾಚಿ ಕೂತುಬಿಟ್ಟು, “ಸರಿಯಾಗಿ ಅಳತೆ ತಗೊಂಡಿದಾಳೆ ಅಮ್ಮ. ನಾನೇ ತಪ್ಪು” ಅಂದು ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ ಮಾರ್ಲಾ. ಸೋತವನು ಅಷ್ಟು ಖುಷಿಯಾಗಿರುವುದನ್ನು ನಾನು ಕಂಡಿಲ್ಲ.

ನಿನ್ನನ್ನು ಕೇಳದೆ ಒಂದು ಸುತ್ತು ಹೋಗಿಬಂದೆವು, ಕ್ಷಮಿಸು. ಮೂಗು ತಗ್ಗಿಸಿ ಸೊಂಟ ಎತ್ತಿಕೊಂಡ ಆ ಕಾರು ನದಿಯ ಸೇತುವೆ ದಾಟುವಾಗ ನಾನು ನಿಮ್ಮಪ್ಪನ ಪಕ್ಕ. ಒಳಗೆ ಇಬ್ಬರಿಗೇ ಜಾಗ, ಬಿಟ್ಟು ಹೋಗಿದ್ದಕ್ಕೆ ತಾತ ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದರು. ಪೆಟ್ರೋಲ್ ಬಂಕಿನಲ್ಲಿ ಯಾರೋ ಇದು ಯಾರು ಕಟ್ಟಿದ ಕಾರು ಎಂದು ಕೇಳಿದರು. ನಿಮ್ಮಪ್ಪ, “ನನ್ನ ಮಗಳು. ಈಗ ಹಡಗಿನ ಎಂಜಿನ್ ನೋಡ್ಕೋತಿದಾಳೆ” ಅಂದ. ಕೇಳದೆ ಇದ್ದವರಿಗೂ ಹೇಳಿದ. ಆಮೇಲೆ ಮನೆಗೆ ಬಂದು ಮೂರು ಸಲ ಬೀನ್ಸು ಹಾಕಿಸಿಕೊಂಡು, ಜೋಳದ ಬ್ರೆಡ್ಡು ಖಾಲಿ ಮಾಡಿ ಹೋದ. ಕೂಲರು ಇನ್ನೂ ಹಾಗೇ ಇದೆ.

ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ತೋಳು ಮುಚ್ಚಿಕೋ. ನೀನಿರುವ ನೀರೆಲ್ಲ ನಿನಗೆ ಶಾಂತವಾಗಿರಲಿ ಎಂದು ರಾತ್ರಿ ಮಲಗುವಾಗ ಬೇಡಿಕೊಳ್ಳುತ್ತೇನೆ. ತಾತ ತಮ್ಮ ಮುತ್ತುಗಳನ್ನೂ ಇದರಲ್ಲೇ ಹಾಕು ಅಂದಿದ್ದಾರೆ.

ನಿನ್ನ ಅಜ್ಜಿ,
ಓಪಲ್

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಪ್ಪ ಬಂದ. ಕೂಲರಿಗೆ ಅಂತ ಹೇಳಿದ, ಕೈಯಲ್ಲಿ ಸಾಮಾನೇ ಇರಲಿಲ್ಲ. ನಿನ್ನ ಹಡಗು ಸ್ಯಾನ್ ಡಿಯಾಗೋಗೆ ಯಾವತ್ತು ಬರುತ್ತದೆ, ಬಂದರಿನ ಎಷ್ಟನೇ ಕಟ್ಟೆಗೆ, ಈ ಕಾರು ಅಷ್ಟು ದೂರ ಬಿಸಿಯಾಗದೆ ಓಡೀತೇ ಎಂದೆಲ್ಲ ಗೋಡೆ ನೋಡಿಕೊಂಡು ಕೇಳಿದ. “ಪತ್ರದಲ್ಲಿ ಬರೀಬೇಡ ಅಮ್ಮ, ಸುಮ್ನೆ ಕೇಳ್ದೆ” ಅಂದ, ಅದಕ್ಕೇ ಬರೆಯುತ್ತಿದ್ದೇನೆ. ಅವನು ಅಲ್ಲಿಗೆ ಬರುವುದು ಬೇಡ ಎನ್ನುವುದಾದರೆ ನನಗೆ ಬರೆ, ಅವನಿಗೆ ಹೇಗೆ ಹೇಳಬೇಕೋ ನಾನು ಹೇಳುತ್ತೇನೆ. ಬರಲಿ ಎನ್ನುವುದಾದರೆ ನನಗೆ ಬರೆಯಬೇಡ, ಅವನಿಗೇ ಬರೆ.