ಸೆಗಾ, ನಿಂಟೆಂಡೊ ಮತ್ತು ಹದಿಮೂರು ಕಾಯಿ

ಅಕ್ಟೋಬರ್ 5, 1998, ಸೋಮವಾರ

ಇವತ್ತೂ ಹತ್ತು ಗಂಟೆಗೇ ನನ್ನ ಬೆಂಚಿನ ಅಮಿತಾ ಬಂದಳು. ದಸರಾ ರಜೆ ಮುಗಿಯಲು ಇನ್ನು ಎರಡೇ ವಾರ. ಅಷ್ಟರೊಳಗೆ ತೀರ್ಮಾನ ಆಗಲೇಬೇಕು — ಟಿವಿಗೆ ಸಿಕ್ಕಿಸಿ ಆಡುವ ಗೇಮ್ ಮಿಷನ್‌ಗಳಲ್ಲಿ ಸೆಗಾ ಮೇಲೋ, ನಿಂಟೆಂಡೊ ಮೇಲೋ.

ಸೆಗಾ ನಮ್ಮದು. ಅಂದರೆ ಶೈಲೇಶಣ್ಣನದು. ಮುಂಬೈಯಲ್ಲಿ ಹೋಟೆಲ್ ಇರುವ ಮಾವ ಕೊಟ್ಟದ್ದು. ಅಣ್ಣ ಈಗ ಕಾಲೇಜು ಹಾಸ್ಟೆಲಿನಲ್ಲಿ. ಶನಿವಾರ ಮಾತ್ರ ಬರುತ್ತಾನೆ. ಸೂಪರ್ ನಿಂಟೆಂಡೊ ಅಮಿತಾಳದು. ಅವಳ ಚಿಕ್ಕಪ್ಪ ದುಬೈಯಿಂದ ತಂದದ್ದು. ಅವರ ಮನೆ ಕೋಟ ಪಡುಕರೆಯಲ್ಲಿ, ಕಡಲಿನ ಬುಡದಲ್ಲೇ. ಉಪ್ಪು ಗಾಳಿಗೆ ಅವರ ಟಿವಿ ಕೆಟ್ಟಿದೆ. ಹಾಗಾಗಿ ನಿಂಟೆಂಡೊವನ್ನು ಟವೆಲಿನಲ್ಲಿ ಸುತ್ತಿ, ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ನಮ್ಮಲ್ಲಿಗೇ ತರುತ್ತಾಳೆ.

ಬಣ್ಣ — ನಿಂಟೆಂಡೊ. ಬೇಜಾರಾದರೂ ಒಪ್ಪಬೇಕು. ಆಕಾಶ ಅಂದರೆ ಆಕಾಶದ ಹಾಗೇ ಇದೆ.
ಓಟ — ಸೆಗಾ. ವೈರಿಗಳು ನಾಲ್ಕೈದು ಒಟ್ಟಿಗೆ ಬಂದರೆ ನಿಂಟೆಂಡೊ ಏದುಸಿರು ಬಿಡುತ್ತದೆ, ಎಲ್ಲ ನಿಧಾನ.
ಗುಂಡಿ — ಸೆಗಾಕ್ಕೆ ಮೂರು, ನಿಂಟೆಂಡೊಗೆ ನಾಲ್ಕು, ಮತ್ತೆ ಮೇಲೆ ಎರಡು. ನನಗೆ ಗೊಂದಲ. ಅಮಿತಾಳಿಗೆ ಬಲೆ ಹೆಣೆಯುವ ಬೆರಳು. ಅವಳಿಗೆ ಲೆಕ್ಕವೇ ಇಲ್ಲ.
ಶಬ್ದ — ಜಗಳ. ಸೆಗಾದ್ದು ತಗಡು ಬಡಿದ ಹಾಗೆ ಎಂದಳು. ಆ ತಗಡೇ ಚಂದ ಎಂದೆ.

"ಬಿದ್ರೂ ಮೀಸಿ ಮಣ್ಣಾಯ್ಲಿಲ್ಲ ಅಂಬವ್ಳ್ ಮರಾಯ್ತಿ ನೀನ್" ಎಂದು ನಕ್ಕಳು. ನನಗೂ ನಗು ಬಂತು. ಆದರೆ ನೋಟ್‌ಬುಕ್ಕಿನಲ್ಲಿ ಶಬ್ದದ ಮಾರ್ಕು ಸೆಗಾಕ್ಕೇ ಹಾಕಿದೆ.

ಅಕ್ಟೋಬರ್ 7

ಒಂದು ಉಪದ್ರ. ಟಿವಿ ಕೋಣೆಯಲ್ಲಿ ಇರುವುದೇ ಎರಡು ಪ್ಲಗ್. ಒಂದು ಟಿವಿಗೆ. ಇನ್ನೊಂದಕ್ಕೆ ಒಮ್ಮೆ ಇವಳದು, ಒಮ್ಮೆ ನನ್ನದು. ನಿಂಟೆಂಡೊ ಅಡಾಪ್ಟರಿಗೆ ದುಬೈಯ ದಪ್ಪ ಚಪ್ಪಟೆ ಪಿನ್. ಕನ್ವರ್ಟರ್ ಸಿಕ್ಕಿಸಿ, ಅಡಿಗೆ ಪುಸ್ತಕ ಇಟ್ಟು ನಿಲ್ಲಿಸಬೇಕು. ಪ್ರತಿ ಸಲ ಅದನ್ನು ಕೀಳುವುದು, ಮತ್ತೆ ಇಡುವುದು — ಅಷ್ಟರಲ್ಲಿ ಹಿಂದೆ ಆಡಿದ್ದು ಹೇಗಿತ್ತೆಂದೇ ಮರೆತುಹೋಗುತ್ತದೆ. ಹೀಗಾದರೆ ಹೋಲಿಸುವುದು ಹೇಗೆ?

ಇವತ್ತು ನೋಡಿದೆ. ಮಿಷನ್‌ಗೆ ಸಿಕ್ಕಿಸುವ ತುದಿ ಎರಡರದ್ದೂ ಒಂದೇ ತರ. ಸರಿಯಾಗಿ ಕೂರುತ್ತದೆ. 'ಅದರ ಅಡಾಪ್ಟರ್ ಇದಕ್ಕೆ ಹಾಕಬೇಡ' ಎಂದು ಅಣ್ಣ ಹೋಗುವಾಗ ಹೇಳಿದ್ದ. ಅವನು ಎಲ್ಲದಕ್ಕೂ ಹಾಗೇ. ಮುಟ್ಟಬೇಡ, ಎತ್ತಬೇಡ.

ಅಕ್ಟೋಬರ್ 8, ಸಂಜೆ 4

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿಂಟೆಂಡೊ ಅಡಾಪ್ಟರನ್ನು ಗೋಡೆಯಲ್ಲೇ ಬಿಟ್ಟು ತುದಿ ಮಾತ್ರ ಕಿತ್ತು ಸೆಗಾಕ್ಕೆ ಹಾಕಿದೆ. ಅಮಿತಾ ಟಿವಿ ಹತ್ತಿರ ಇದ್ದಳು. ಅವಳು ಹಿಂದೆ ತಿರುಗಿಯೇ ಇರಲಿಲ್ಲ. "ಸ್ವಿಚ್ ಹಾಕ್" ಎಂದೆ. ಹಾಕಿದಳು. ಕೆಂಪು ಲೈಟು ಒಮ್ಮೆ ಬಂತು, ಹೋಯಿತು. ಒಳಗೆ ಟಪ್ ಅಂತ ಶಬ್ದ. ಸುಟ್ಟ ವಾಸನೆ.

ಅದೇ ಹೊತ್ತಿಗೆ ಕರೆಂಟೂ ಹೋಗಿ ಬಂತು. ಹೌದು, ಫ್ಯಾನ್ ನಿಂತದ್ದು ನೋಡಿದ್ದೇನೆ. ಕರೆಂಟೇ ಕಾರಣ ಇರಬಹುದಲ್ಲ?

ಅಮಿತಾ ಬಿಳಿಚಿಕೊಂಡಿದ್ದಳು. "ಎಂತ ಆಯ್ತೇ?" ಎಂದಳು. ಯಾರಿಗೂ ಹೇಳಬೇಡ ಎಂದೆ. ಸೆಗಾವನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟೆ. ಕಿಟಕಿ ತೆಗೆದಿಟ್ಟೆ.

ಅಕ್ಟೋಬರ್ 10, ಶನಿವಾರ

ಅಣ್ಣ ಬಂದ. ಪೆಟ್ಟಿಗೆ ತೆಗೆದ. ಐದು ನಿಮಿಷಕ್ಕೆ ಮನೆ ರಣರಂಗ.

ನನಗೆ ಗೊತ್ತಿಲ್ಲ ಎಂದೆ. ಬಾಯಿಂದ ತಾನಾಗಿ ಬಂತು. ಅಷ್ಟರಲ್ಲಿ ಅಮಿತಾ ಮೊನ್ನೆ ಬಿಟ್ಟುಹೋದ ಟವೆಲು ಕೇಳಿಕೊಂಡು ಬಂದಳು, ಪಾಪ, ಸರಿಯಾಗಿ ಆಗಲೇ. ನಮ್ಮ ಸುಂದರಿ ಅಜ್ಜಿ ಇಬ್ಬರನ್ನೂ ದೇವರ ಕೋಣೆಗೆ ಕರೆದುಕೊಂಡು ಹೋಯಿತು. "ದೀಪ ಮುಟ್ಟಿ ಆನೆಗುಡ್ಡೆ ಗಣಪತಿ ಮೇಲ್ ಆಣಿ ಹಾಕಿ. ಸುಳ್ ಹೇಳ್ದವ್ರ್ ನಾಲ್ಗಿ ಬಿದ್ದ್ ಹೋತ್ತ್."

ನಾನು ಮುಟ್ಟಿದೆ. ನಾನಲ್ಲ ಎಂದೆ.

ಅಮಿತಾ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಅಪ್ಪಯ್ಯ ಕಡ್ಲಿಗ್ ಹೋಯಿರ್. ಅವ್ರ್ ಬಪ್ಪಲ್ಲಿವರಿಗ್ ನಾವ್ ಆಣಿ ಹಾಕೂಕಾಗ ಅಜ್ಜಿ."

ಅವರ ಮನೆಯ ಕ್ರಮ ಅದು, ನನಗೆ ಗೊತ್ತು. ಗಂಡಸರು ದೋಣಿಯಲ್ಲಿದ್ದಾಗ ಮನೆಯವರು ಸತ್ಯಕ್ಕೂ ಆಣೆ ಹಾಕುವುದಿಲ್ಲ. ನನಗೆ ಗೊತ್ತಿತ್ತು. ಹೇಳಬಹುದಿತ್ತು.

"ಸಾಚಾ ಇದ್ದವ್ಳಿಗ್ ಹೆದ್ರಿಕಿ ಎಂತಕ್?" ಎಂದಿತು ಅಜ್ಜಿ. ಅಣ್ಣ ಅಮಿತಾಳನ್ನೇ ನೋಡಿದ. ಎಲ್ಲರೂ ನೋಡಿದರು. ನಾನೂ ನೋಡಿದೆ. ಅವಳು ಟವೆಲು ಬಿಟ್ಟು ಹೋದಳು.

ಅಕ್ಟೋಬರ್ 11

ಕನ್ನಡಿಯಲ್ಲಿ ಮೂರು ಸಲ ನಾಲಿಗೆ ನೋಡಿಕೊಂಡೆ. ಹಾಗೇ ಇದೆ.

ಅಕ್ಟೋಬರ್ 13, ಮಂಗಳವಾರ

ಮಧ್ಯಾಹ್ನ ಅಮಿತಾಳ ಅಮ್ಮ, ಬೆಳ್ಳಿಯಮ್ಮ ಬಂದರು. ಮೀನು ಬುಟ್ಟಿ ಇರಲಿಲ್ಲ. ಕೈಯಲ್ಲಿ ನಿಂಟೆಂಡೊ, ಅಡಾಪ್ಟರ್, ಕ್ಯಾಸೆಟ್ ಎಲ್ಲ ಇತ್ತು. ಜಗಲಿಯಲ್ಲಿ ಇಟ್ಟರು. ಒಳಗೆ ಕರೆದರೂ ಬರಲಿಲ್ಲ.

"ನಮ್ ಹುಡ್ಗಿ ಒಪ್ಕಂಡ್ತ್, ಅಜ್ಜಿ. ನಿಮ್ಮಕ್ಕಳ ಸಾಮಾನ್ ಹಾಳ್ ಮಾಡದ್ಕ್ ನಮ್ಮಕ್ಕಳದ್ದ್ ಇಟ್ಕಣಿ. ಬಡವ್ರಾದ್ರೂ ಇನ್ನೊಬ್ರದ್ದ್ ಇಟ್ಕಂಬವ್ರಲ್ಲ ನಾವ್."

ಒಪ್ಪಿಕೊಂಡಳಂತೆ! ಏನನ್ನು? ಮಾಡಿದ್ದು ನಾನಲ್ಲವಾ? ಏನೂ ತಿಳಿಯುತ್ತಿಲ್ಲ. ಅವಳೇ ಒಪ್ಪಿಕೊಂಡ ಮೇಲೆ ನಾನು ಮಾತಾಡಿ ಏನಾಗಬೇಕು? ಮತ್ತೆ ಆ ಕರೆಂಟು…

ಅಣ್ಣ ಹಾಸ್ಟೆಲಿನಿಂದ ಫೋನಿನಲ್ಲಿ, ನಿಂಟೆಂಡೊ ಮುಟ್ಟುವುದಿಲ್ಲ ಎಂದ. ನನ್ನ ಕಪಾಟಿನಲ್ಲಿದೆ.

ಅಕ್ಟೋಬರ್ 21

ಶಾಲೆ ಶುರು. ಅಮಿತಾ ಕಿಟಕಿ ಪಕ್ಕದ ಬೆಂಚಿಗೆ ಹೋಗಿದ್ದಾಳೆ. ಎಡ ಕೆನ್ನೆಯಲ್ಲಿ ಮಾಸುತ್ತಿರುವ ಒಂದು ಕಲೆ ಇದೆ. ನಾನು ಕೇಳಲಿಲ್ಲ.

ನವೆಂಬರ್ 2

ನಿಂಟೆಂಡೊ ಹಾಕಿ ನೋಡಿದೆ. ಒಬ್ಬಳೇ. ಎರಡನೇ ಆಟಗಾರ ನಿಂತಲ್ಲೇ ನಿಂತಿದ್ದ. ತೆಗೆದಿಟ್ಟೆ.

ಇನ್ನು ಡೈರಿ ಬರೆಯುವುದಿಲ್ಲ.

ನವೆಂಬರ್ 6, 2012, ಮಂಗಳವಾರ

ಅದೇ ಪುಸ್ತಕ. ಪೆಟ್ಟಿಗೆಯಲ್ಲಿ ಎರಡು ಮಿಷನ್‌ಗಳ ನಡುವೆ ಇತ್ತು. ಅರ್ಧ ಹಾಳೆ ಖಾಲಿ. ಅಂಗಡಿಯಿಂದ ಹೊಸದು ತರುವಷ್ಟು ಸೊಗಸಿನ ವಿಷಯ ಇದಲ್ಲ. ಇದರಲ್ಲೇ ಸಾಕು.

ಶೈಲೇಶಣ್ಣನಿಗೆ ಕುಂದಾಪುರದಲ್ಲಿ ಮೊಬೈಲ್ ಅಂಗಡಿ. ಈಗ ಹಳೆ ಗೇಮ್‌ಗಳ ಹುಚ್ಚು ಹಿಡಿದಿದೆ. ಫೇಸ್‌ಬುಕ್ಕಿನಲ್ಲಿ ಒಂದು ಗುಂಪಂತೆ. ಅಲ್ಲಿ ದಿನಾ ಜಗಳವಂತೆ — ಮೆಗಾ ಡ್ರೈವ್ (ಅಂದರೆ ನಮ್ಮ ಸೆಗಾ) ಮೇಲೋ ಸೂಪರ್ ನಿಂಟೆಂಡೊ ಮೇಲೋ. "ಎರ್ಡೂ ಆಡ್ದವ್ಳ್ ನಮ್ಮನಿಯಂಗೆ ನೀನೊಬ್ಳೇ. ಒಂದ್ ಪುಟ ಬರ್ದ್ ಕೊಡ್ ಕಾಂಬ. ಫೋಟೋನೂ ತೆಗಿ" ಎಂದು ಬೆಳಿಗ್ಗೆ ಫೋನು. ಅವನು ಎಲ್ಲ ಮರೆತಿದ್ದಾನೆ. ಪುಣ್ಯವಂತ.

ನವೆಂಬರ್ 9, ಬೆಳಿಗ್ಗೆ

ಫೋಟೋ ತೆಗೆಯಲು ಎರಡೂ ಅಡಾಪ್ಟರ್ ಮಗುಚಿ ಹಾಕಿದೆ. ಧೂಳು ಒರೆಸಿದೆ. ಅಕ್ಷರ ಕಂಡಿತು.

ಸೆಗಾದ್ದು — ಡಿಸಿ.
ನಿಂಟೆಂಡೊದ್ದು — ಎಸಿ. ಒಂಬತ್ತು ವೋಲ್ಟ್ ಎಸಿ. ಡಿಸಿ ಮಾಡುವ ಕೆಲಸ ಮಿಷನ್ ಒಳಗೇ ಆಗುತ್ತದೆ.

ಹದಿನಾಲ್ಕು ವರ್ಷ ಆ ಫ್ಯಾನನ್ನು ನಂಬಿಕೊಂಡಿದ್ದೆ. ಕರೆಂಟು ಹೋಗಿ ಬಂತು, ಅದರಿಂದ ಸುಟ್ಟಿತು, ಯಾರ ತಪ್ಪೂ ಇಲ್ಲ ಅಂತ. ಕರೆಂಟಲ್ಲ. ಚೇತನಾ ಮಾರಾಯ್ತಿ, ನೀನು. ಡಿಸಿ ಕುಡಿಯುವ ಮಿಷನ್ನಿಗೆ ಎಸಿ ಕುಡಿಸಿದವಳು ನೀನು.

ನಾಚಿಕೆಗೇಡು ಏನೆಂದರೆ, ನಾನು ಬ್ರಹ್ಮಾವರದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡುತ್ತೇನೆ. ಈ ವಾರವೇ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಪಾಠ. 'ಡಿಸಿ ಬೇಕಾದ ಕಡೆ ಎಸಿ ಕೊಟ್ಟರೆ?' ಎಂದು ನಿನ್ನೆ ಕೇಳಿದ್ದೆ. "ಸುಟ್ ಹೋತ್ತ್ ಮಿಸ್" ಎಂದಳು ಹಿಂದಿನ ಬೆಂಚಿನ ದೀಕ್ಷಾ. ವೆರಿಗುಡ್ ಅಂದೆ ನಾನು. ವೆರಿಗುಡ್!

ನವೆಂಬರ್ 14

ದೀಪಾವಳಿಗೆ ಮೂರು ದಿನ ರಜೆ. ಒಂದು ಸಾಲೂ ಬರೆದು ಕೊಡಲಿಲ್ಲ. ಬಣ್ಣ ಎಂದು ಬರೆದರೆ ಅವಳ ಮುಖ. ಗುಂಡಿ ಎಂದು ಬರೆದರೆ ಅವಳ ಬೆರಳು.

ಮೀನು ಮಾರ್ಕೆಟ್ಟಿನಲ್ಲಿ ಬೆಳ್ಳಿಯಮ್ಮನ ಮುಂದೆ ಹೋಗಿ ನಿಂತೆ. ಹದಿನಾಲ್ಕು ವರ್ಷ ಅವರ ಸಾಲು ಬಿಟ್ಟು ಆಚೆಯ ಸಾಲಿನಲ್ಲೇ ಬಂಗುಡೆ ತೆಗೆದುಕೊಂಡವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ. ಅಮಿತಾ ಎಲ್ಲಿ ಎಂದು ಕೇಳಿದೆ. "ಬೈಂದೂರಂಗ್ ಟೈಲರಿಂಗ್ ಅಂಗ್ಡಿ ಮಾಡ್ಕಂಡಿತ್ತ್. ನೀವ್ ಹೋರೆ ಖುಷಿ ಪಡ್ತ್" ಎಂದರು. ಮೇಲೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದರು. ಬೇಡ ಎನ್ನದೆ ಚೀಲಕ್ಕೆ ಹಾಕಿಕೊಂಡೆ.

ನವೆಂಬರ್ 17, ಶನಿವಾರ

ಬೈಂದೂರಿಗೆ ಹೋಗಿ ಬಂದೆ. ಬರೆಯುತ್ತೇನೆ. ಬಿಡದೆ ಬರೆಯುತ್ತೇನೆ.

ಬ್ಯಾಗಿನಲ್ಲಿ ನಿಂಟೆಂಡೊ ಇತ್ತು. ಬಸ್ಸಿನುದ್ದಕ್ಕೂ ಒಂದೇ ವಾಕ್ಯ ಕಲಿತೆ: ಅಮಿತಾ, ಅದನ್ನು ಸುಟ್ಟದ್ದು ನಾನು.

"ಹ್ವಾಯ್! ಚೇತನಾ ಅಲ್ದಾ?" ಹೊಲಿಗೆ ಮಿಷನ್ ನಿಲ್ಲಿಸಿ ಎದ್ದೇ ಬಂದಳು. ಕೈ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ಚಾ ತರಿಸಿದಳು. ನಾನು ನಿಂಟೆಂಡೊ ಮೇಜಿನ ಮೇಲಿಟ್ಟೆ. ಅಯ್ಯೋ ಎಂದು ನಕ್ಕಳು, ಮೇಲಿನ ಎರಡು ಗುಂಡಿ ಒತ್ತಿ ನೋಡಿದಳು. ಆಮೇಲೆ ನನ್ನ ಕಡೆಗೇ ದೂಡಿದಳು.

"ಅದ್ ನಿಂದ್. ಕೊಟ್ಟದ್ದ್ ವಾಪಾಸ್ ತಕಂಬುಕಾಗ."

"ಅಮಿತಾ…" ಎಂದೆ.

"ತಡಿ, ನಾ ಮೊದ್ಲ್ ಹೇಳ್ತೆ. ಸುಮಾರ್ ವರ್ಷ ಆಯ್ತ್ ಹೇಳ್ಕ್ ಅಂದ್ಹೇಳಿ. ಅವತ್ತ್ ಸ್ವಿಚ್ ಹಾಕದ್ದ್ ನಾನಲ್ದಾ? ಅಪ್ಪಯ್ಯ ಕಡ್ಲಂಗಿದ್ರ್, ಅದ್ಕ್ ನಿಮ್ಮನಿಯಂಗ್ ಆಣಿ ಹಾಕ್ಲಿಲ್ಲ. ಅವ್ರ್ ಬಂದ್ ಮೇಲೆ ಅಮ್ಮ ಆನೆಗುಡ್ಡೆಗ್ ಕರ್ಕಂಡ್ ಹೋಯ್ ಕೇಂತ್ — ಈಗ ಹೇಳ್, ನೀ ಅಲ್ದಾ ಅಂದ್. ಹೆಂಗ್ ಅಲ್ಲ ಅಂಬ್ದ್? ನನ್ ಬೆರಳೇ ಅಲ್ದಾ ಒತ್ತಿದ್ದ್? ಅಲ್ಲೇ ಕೆನ್ನಿಗ್ ಒಂದ್ ಬಿತ್ತ್."

ಚಾ ಲೋಟ ನನ್ನ ಕೈಯಲ್ಲೇ ಇತ್ತು.

"ಆವತ್ತಿಂದ ವರ್ಷಕ್ಕೊಂದ್ ಕಾಯಿ ಒಡ್ಸ್ತೆ ಗಣಪತಿಗ್. ನಿಮ್ ಸೆಗಾದ್ ಹೆಸ್ರಂಗೆ, ತಪ್ಪ್ ಕಾಣ್ಕಿ. ನಗಾಡ್ಬೇಡ ಹಾಂ! ಹದಿಮೂರಾಯ್ತ್. ಈ ವರ್ಷದ್ದ್ ಮಗಳಿಗ್ ಜ್ವರ ಬಂದ್ ಬಾಕಿ ಆಯ್ತ್. ಮುಂದಿನ್ ಆಯ್ತ್ವಾರ ಹೋಪ್ದ್. ನೀನೂ ಬಾ. ನೀ 'ಹೋಯ್ಲಿ ಬಿಡ್' ಅಂದ್ರೆ ಇದನ್ನೇ ಕಡೀ ಕಾಯಿ ಮಾಡ್ತೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇಬ್ಬರು ಹೆಂಗಸರು ರವಿಕೆ ಅಳತೆಗೆ ಬಂದರು. ಅಮಿತಾ ಟೇಪು ಕುತ್ತಿಗೆಗೆ ಹಾಕಿಕೊಂಡು ಎದ್ದಳು. ಬರುತ್ತೇನೆ ಎಂದೆ. ಆನೆಗುಡ್ಡೆಗೆ ಬರುತ್ತೇನೆ ಎಂದು ಅವಳು ತಿಳಿದುಕೊಂಡಳು. ನಾನು ಹೇಳಿದ್ದು ಮನೆಗೆ ಹೊರಟೆ ಎಂದು. ನಿಂಟೆಂಡೊ ಎತ್ತಿಕೊಂಡು ಓಡಿ ಬಂದೆ, ಥೂ.

ಒಂದು ವಾಕ್ಯ. ಇಡೀ ದಾರಿ ಕಲಿತ ಒಂದು ವಾಕ್ಯ!

ನವೆಂಬರ್ 19

ಹದಿಮೂರು ಕಾಯಿ. ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ಉಣ್ಣುವಾಗ — ಹದಿಮೂರು. ಅವಳಿಗೆ ಮದುವೆಯಾದ ವರ್ಷವೂ ಒಂದು. ಹೆರಿಗೆಯಾದ ವರ್ಷವೂ ಒಂದು. ನಾನು ಆ ವರ್ಷಗಳಲ್ಲೆಲ್ಲ ಅಜ್ಜಿಯ ಜೊತೆ ಅದೇ ಗಣಪತಿಗೆ ಕೈ ಮುಗಿದು, ಪಾಸಾಗಲಿ, ಕೆಲಸ ಸಿಗಲಿ ಎಂದು ಬೇಡಿದೆ. ಪಾಸೂ ಆದೆ. ಕೆಲಸವೂ ಸಿಕ್ಕಿತು. ನಾಲಿಗೆಯೂ ಬೀಳಲಿಲ್ಲ.

ನವೆಂಬರ್ 23

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಆ ಮಿಷನ್ ಸತ್ತ್ ಎಷ್ಟ್ ವರ್ಷ ಆಯ್ತ್, ಈಗೆಂತಕ್ ಮರ್ಕುದ್? ಬರ್ದ್ ಆಯ್ತಾ ಇಲ್ಯಾ?" ಎಂದ. ಮಿಷನ್ನಿಗೆ ಅಳುತ್ತಿದ್ದೇನೆ ಎಂದುಕೊಂಡ.

ಅಜ್ಜಿಗೆ ಹೇಳಿದೆ. ಅದೇ ದೇವರ ಕೋಣೆಯ ಹೊಸಿಲಲ್ಲಿ ಬತ್ತಿ ಹೊಸೆಯುತ್ತಿತ್ತು. ಎಲ್ಲ ಹೇಳಿದೆ — ಅಡಾಪ್ಟರ್, ಆಣೆ, ಕಾಯಿ. ಬತ್ತಿ ಹೊಸೆಯುವುದು ನಿಂತಿತು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಅವತ್ತ್ ನಾನೂ ಆ ಹುಡ್ಗಿ ಮೊಖ ಸಮ ಕಾಣ್ದೇ ಹೇಳದ್ದ್" ಎಂದಿತು. ಬತ್ತಿ ತಟ್ಟೆಗೆ ಹಾಕಿ, "ನನ್ ಹತ್ರ ಹೇಳಿ ಎಂತ ಆಪ್ದ್ ಮಗಾ? ಕಾಯಿ ಒಡ್ಸದ್ದ್ ನಾನಾ?"

ನವೆಂಬರ್ 25, ಭಾನುವಾರ, ಬೆಳಿಗ್ಗೆ 8.10, ಕುಂಭಾಶಿ

ಹೆದ್ದಾರಿಯಲ್ಲಿ ಆನೆಗುಡ್ಡೆ ದ್ವಾರದ ಪಕ್ಕ, ಹಣ್ಣುಕಾಯಿ ಅಂಗಡಿಯ ಬೆಂಚು. ಏಳೂವರೆಗೇ ಬಂದು ಕೂತಿದ್ದೇನೆ. ಬ್ಯಾಗಿನಲ್ಲಿ ನಿಂಟೆಂಡೊ, ಎರಡು ಅಡಾಪ್ಟರ್, ಈ ಪುಸ್ತಕ. ಬಾಯಿ ಬರದಿದ್ದರೆ ಅಕ್ಟೋಬರ್ ಎಂಟರ ಹಾಳೆ ತೆಗೆದು ಅವಳ ಕೈಗೆ ಕೊಡುವುದು. ಓದಲಿ. ಹೊಡೆದರೂ ಸರಿ. ಇನ್ನು ಮುಖ ನೋಡುವುದಿಲ್ಲ ಎಂದರೂ ಸರಿ — ಇಲ್ಲ, ಸರಿಯಲ್ಲ, ಅದಕ್ಕೇ ಹೆದರಿ ಸಾಯುತ್ತಿದ್ದೇನೆ. ಆದರೂ.

ಅಣ್ಣನ ಪುಟ ನಿನ್ನೆ ಬರೆದು ಮುಗಿಸಿದೆ. ಬಣ್ಣ ನಿಂಟೆಂಡೊ. ಓಟ ಸೆಗಾ. ಗುಂಡಿ ನಿಂಟೆಂಡೊ. ಶಬ್ದ — ನಿಂಟೆಂಡೊ. ಅಂದೂ ಅದೇ ಆಗಿತ್ತು. ಮಾರ್ಕು ತಿದ್ದಿದ್ದೇನೆ.

ಬೈಂದೂರಿನ ಕಡೆಯ ಬಸ್ಸು ನಿಂತಿತು. ಇಳಿದಳು. ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಕಾಯಿ. ಮನೆಯದ್ದೇ ಇರಬೇಕು, ಜುಟ್ಟು ಬಿಟ್ಟು ಚೆನ್ನಾಗಿ ಸುಲಿದಿದ್ದಾಳೆ. ನನ್ನನ್ನು ಕಂಡಳು. ಕಾಯಿ ಎತ್ತಿ ತೋರಿಸಿ ನಗುತ್ತಿದ್ದಾಳೆ. ರಸ್ತೆ ದಾಟುತ್ತಿದ್ದಾಳೆ. ಆ ಕಾಯಿ ಒಳಗೆ ಹೋಗುವ ಮೊದಲು ಅವಳ ಕೈಯಿಂದ ನಾನು ತೆಗೆದುಕೊಳ್ಳಬೇಕು, ಅದು ನಾನು ಒಡೆಸಬೇಕಾದ ಕಾಯಿ. ಬಂದಳು, ಪೆನ್ನು ಇಡುತ್ತೇನೆ.