ಭಾನುವಾರದ ಹತ್ತು ನಿಮಿಷ

ಜೂನ್ ೧೪, ಶುಕ್ರವಾರ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ತಂಗಿಯ ಮನೆಯಿಂದ ಬಂದು ಹದಿನೈದು ದಿನವಾಯಿತು. ಬಂದ ಕೂಡಲೇ ಬರೆಯುತ್ತೇನೆ ಅಂದವನು ಇವತ್ತು ಕೂತಿದ್ದೇನೆ, ತಪ್ಪು ನನ್ನದೇ. ಮೂರು ಕಾಗದ ಬರೆದು ಹರಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ನನ್ನ ಕಾಗದ ಓದಿ ಕಣ್ಣೊರೆಸಿಕೊಳ್ಳದವರಿಲ್ಲ, ನಿನಗೇ ಗೊತ್ತು. ಆದರೆ ಆ ಮೂರರಲ್ಲೂ ಬೈಗುಳ ಬಿಟ್ಟು ಬೇರೇನೂ ಇರಲಿಲ್ಲ. ಇದರಲ್ಲೂ ಇದೆ, ಕೊಂಚ ಕಡಿಮೆ.

ನಿನ್ನ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ ಕಣೋ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಮ್ಮನಿಗೆ ಫೋನ್ ಮಾಡುತ್ತೀಯ. ಹತ್ತು ನಿಮಿಷ. ಆಮೇಲೆ ತಂಗಿಗೆ ಹೇಳುತ್ತೀಯ, "ಅಮ್ಮ ಚೆನ್ನಾಗೇ ಮಾತಾಡ್ತಾಳಲ್ಲ, ಮರೆವು ಯಾರಿಗಿಲ್ಲ? ನೀನೇ ಎಲ್ಲಾನೂ ದೊಡ್ಡದು ಮಾಡ್ತೀಯ."

ಆ ಹತ್ತು ನಿಮಿಷ ಹೇಗೆ ತಯಾರಾಗುತ್ತದೆ ಅಂತ ನಾನು ಕಣ್ಣಾರೆ ಕಂಡೆ. ಎಂಟು ಗಂಟೆಗೇ ನಿನ್ನ ತಂಗಿ ನಮ್ಮಕ್ಕನ ತಲೆ ಬಾಚಿ, ಕಿಟಕಿಯ ಪಕ್ಕ ಕೂರಿಸಿ, ನಿನ್ನ ಫೋಟೋ ಕೈಗೆ ಕೊಟ್ಟು ಪಾಠ ಶುರು ಮಾಡುತ್ತಾಳೆ. "ಇವನು ಯಾರಮ್ಮ? ಮಗ. ಊಟ ಆಯ್ತಾ ಅಂತಾನೆ. ಆಯ್ತಪ್ಪ ಅನ್ನು." ಎರಡು ಗಂಟೆ ಇದೇ. ನೀನು ಫೋನ್ ಇಟ್ಟ ಮೇಲೆ ಅಕ್ಕ ನನ್ನತ್ತ ತಿರುಗಿ, "ಯಾರೋ ಪಾಪ, ಒಳ್ಳೆಯವನು. ಯಾರ ಮಗ?" ಅಂದಳು.

"ಯಾಕೆ ಹೀಗೆ ಮಾಡ್ತೀಯೇ?" ಅಂತ ನಿನ್ನ ತಂಗಿಯನ್ನು ಕೇಳಿದೆ.

"ಇಲ್ಲಾಂದ್ರೆ ಅಣ್ಣನಿಗೆ ಬೇಜಾರಾಗುತ್ತೆ ಮಾಮ."

ಕೇಳಿಸಿತೇನೋ? ಅವಳು ನೋಡಿಕೊಳ್ಳುತ್ತಿರುವುದು ಒಬ್ಬರನ್ನಲ್ಲ, ಇಬ್ಬರನ್ನು.

ಮೊದಲು ನಾನೂ ನಿನ್ನ ಪಕ್ಷದವನೇ, ಸುಳ್ಳೇಕೆ ಹೇಳಲಿ. ಮೂವತ್ತು ವರ್ಷ ಲಾರಿ ಓಡಿಸಿ ಒಂದು ಗೀರೂ ಬೀಳಿಸದವನು ನಾನು. (ಆ ಸೇತುವೆಯ ವಿಷಯ ಬಿಡು, ತಪ್ಪು ಸೇತುವೆಯದು.) ಒಬ್ಬ ಮುದುಕಿಯನ್ನು ಸಂಭಾಳಿಸುವುದು ಯಾವ ಮಹಾ ವಿದ್ಯೆ ಅಂತ ಎದೆ ತಟ್ಟಿಕೊಂಡು, "ನಾಲ್ಕು ದಿನ ಎಲ್ಲಾದ್ರೂ ಹೋಗಿ ಬಾ" ಅಂತ ನಿನ್ನ ತಂಗಿಯನ್ನು ಸೋಮವಾರ ಹೊರಗೆ ದಬ್ಬಿದೆ. ಎರಡು ಬೀದಿ ಆಚೆ ಗೆಳತಿಯ ಮನೆಗೆ ಹೋದಳು. ಹೋಗಿ ಮಲಗಿದಳು. ಹದಿನೆಂಟು ಗಂಟೆ ಏಳಲಿಲ್ಲವಂತೆ. ಗೆಳತಿ ಗಾಬರಿಯಾಗಿ ಮೂಗಿನ ಹತ್ತಿರ ಕೈ ಇಟ್ಟು ನೋಡಿದಳಂತೆ.

ಇತ್ತ ನನ್ನ ಪ್ರತಾಪ ಕೇಳು. ಊರಿನ ಅರ್ಧ ಜನಕ್ಕೆ ಬಟ್ಟೆ ಹೊಲಿದ ನಿನ್ನ ಅಮ್ಮ ಈಗ ಹೊಲಿಗೆ ಬಿಚ್ಚುತ್ತಾಳೆ. ದಿಂಬಿನ ಚೀಲ, ಪರದೆ, ಕಡೆಗೆ ನನ್ನ ಪೈಜಾಮ. ಮೊದಲ ದಿನವೆಲ್ಲ ಸೊಂಟ ಹಿಡಿದುಕೊಂಡೇ ಓಡಾಡಿದೆ. ಬಿಚ್ಚಲು ಏನೂ ಸಿಗದಿದ್ದರೆ ಕೈ ಕೈ ಹಿಸುಕಿಕೊಂಡು ಬಾಗಿಲು ಬಡಿಯುತ್ತಾಳೆ. ಅದಕ್ಕೇ ನಿನ್ನ ತಂಗಿ ದಿನಾ ಸಂಜೆ ಹಳೇ ಬಟ್ಟೆ ಹೊಲಿದಿಡುತ್ತಾಳೆ, ನಾಳೆ ಅಮ್ಮ ಬಿಚ್ಚಲಿ ಅಂತ. ಮೆದುಳು ಚುರುಕಾಗಲಿ ಅಂತ ನೀನು ಪದಬಂಧದ ಪುಸ್ತಕ ಕಳಿಸಿದ್ದೆಯಲ್ಲ, ಅದರ ಹೊಲಿಗೆಯನ್ನೂ ಬಿಚ್ಚಿದ್ದಾಳೆ. ಅಷ್ಟಾದರೂ ಉಪಯೋಗಕ್ಕೆ ಬಂತು.

ಇದರ ಜೊತೆಗೆ ಅಕ್ಕನದೊಂದು ಪ್ರಶ್ನೆ ಇದೆ, "ಅಮ್ಮ ಇನ್ನೂ ಬಂದಿಲ್ವಾ?" "ಬರ್ತಾಳೆ ಅನ್ನಿ ಮಾಮ, ಸಾಕು" ಅಂತ ನಿನ್ನ ತಂಗಿ ಹೇಳಿಯೇ ಹೋಗಿದ್ದಳು. ಆಯಸ್ಸಿಡೀ ಬೊಗಳೆ ಬಿಟ್ಟ ನಾನು ಅಲ್ಲಿ ಸತ್ಯಹರಿಶ್ಚಂದ್ರನಾದೆ. "ಅಮ್ಮ ಸತ್ತು ನಲವತ್ತು ವರ್ಷ ಆಯ್ತಲ್ಲೇ ಅಕ್ಕ!" ಅಂದೆ. ಆಗಷ್ಟೇ ಸುದ್ದಿ ಕೇಳಿದವಳ ಹಾಗೆ ಎದೆ ಬಡಿದುಕೊಂಡು ಅತ್ತಳು. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿದಳು. ನಾನು ಮತ್ತೆ ಹೇಳಿದೆ. ಮೂರು ದಿನ ನನ್ನ ಬಾಯಿಂದಲೇ ನಮ್ಮಮ್ಮನನ್ನು ಎಷ್ಟು ಸಲ ಸಾಯಿಸಿದೆನೋ.

ಈಗ ನನ್ನ ಮಾತು ಕೇಳು. ಈ ತಿಂಗಳ ಕೊನೆಗೆ ಹದಿನೈದು ದಿನ ರಜೆ ಹಾಕಿ ಬಾ. ಅಮ್ಮನನ್ನು ನೋಡಿಹೋಗಲಿಕ್ಕಲ್ಲ, ತಂಗಿಯನ್ನು ಮನೆಯಿಂದ ಹೊರಗೆ ಕಳಿಸಲಿಕ್ಕೆ. ಹಣ್ಣಿನ ಬುಟ್ಟಿ ಹಿಡಿದು, ಬುದ್ಧಿವಾದ ಹೇಳಿ ಸಂಜೆಯ ಬಸ್ಸಿಗೆ ಹೊರಡುವುದಾದರೆ ಬರಲೇಬೇಡ. ಅದರ ಮುಂದಿನ ಹದಿನೈದು ದಿನ ನನ್ನ ಪಾಳಿ. ಆದರೆ ಮೊದಲು ನಾವಿಬ್ಬರೂ ಅವಳೆದುರು ಕೂತು ಕೆಲಸ ಕಲಿಯಬೇಕು. ಮೇಷ್ಟ್ರು ಅವಳು. ನಾವು ಬಾಯಿ ಮುಚ್ಚಿಕೊಂಡಿರಬೇಕು. ನನಗೆ ಅದೇ ಕಷ್ಟ.

ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದಾಗಲಿ. ಸೊಂಟ ಗಟ್ಟಿಯಿರಲಿ, ಬೇಕಾಗುತ್ತದೆ.

ಕೋಪದಲ್ಲೂ ನಿನ್ನವನೇ ಆದ
ಮಾಮ

ವಿ.ಸೂ.: ಆ ಕಾಗದಗಳನ್ನು ಹರಿದದ್ದು ಬೈಗುಳಕ್ಕಲ್ಲ. ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂರಿಸಿದಾಗ ಅಕ್ಕ ನನ್ನನ್ನು ಕಳ್ಳ ಅಂತ ಕೂಗಿ ತಟ್ಟೆ ನೂಕಿದಳು. ನಾನು ಅವಳ ಕೆನ್ನೆಗೆ ಹೊಡೆದೆ. ನನ್ನನ್ನು ಎತ್ತಿ ಆಡಿಸಿದವಳಿಗೆ, ಎಪ್ಪತ್ತೆಂಟು ವರ್ಷದವಳಿಗೆ. ಅವಳು ಮೂಲೆಗೆ ಸರಿದು, "ಇನ್ಮೇಲೆ ಮಾಡಲ್ಲ" ಅಂದಳು. ಸಂಜೆ ನಿನ್ನ ತಂಗಿ ಬಂದಾಗ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈದರೆ ಸಾಕು ಅಂತಲೂ ಇತ್ತು. ಅವಳು ನನ್ನ ಪಕ್ಕ ಕೂತಳು. ಅವಳು ಹೇಳಿದ್ದನ್ನು ನಿನಗೆ ಬರೆಯಲೇ ಅಂತ ಆಮೇಲೆ ಕೇಳಿದ್ದೆ. ನಿನ್ನೆಯಷ್ಟೇ ಫೋನಿನಲ್ಲಿ ಒಪ್ಪಿದಳು. ಹೇಳಿದ್ದು ಇಷ್ಟು: "ಐದು ವರ್ಷದಲ್ಲಿ ನಾನೂ ಎರಡು ಸಲ ಹೊಡೆದಿದ್ದೀನಿ ಮಾಮ. ಹೇಳ್ಕೊಳ್ಳೋಕೆ ಯಾರಿದ್ರು?"