ತೊಂಬತ್ತನೆಯ ದಿನ

ಮಾರ್ಚ್ 10, ಸೋಮವಾರ. ದಿನ 83.

ಕ್ಯಾಲೆಂಡರಿನಲ್ಲಿ ಇನ್ನೊಂದು ಚೌಕಕ್ಕೆ ಗೀಟು ಎಳೆದೆ. ಏಳು ಉಳಿದವು. ತೊಂಬತ್ತು ದಿನಕ್ಕೊಮ್ಮೆ ಇಮಿಗ್ರೇಷನ್ ಕಚೇರಿಗೆ ಹೋಗಿ, ಪ್ರೆಬೆನ್ ಎಂಬ ಈ ಡೆನ್ಮಾರ್ಕಿನ ನಿವೃತ್ತ ಅಂಚೆ ಗುಮಾಸ್ತ ಇನ್ನೂ ಅದೇ ಮನೆಯಲ್ಲಿದ್ದಾನೆ, ಎಲ್ಲಿಗೂ ಕಾಲ್ಕಿತ್ತಿಲ್ಲ ಎಂದು ವರದಿ ಒಪ್ಪಿಸಿ ಬರಬೇಕು. ಥಾಯ್ಲೆಂಡಿನ ಈ ಗಡಿಯೂರು ನೋಂಗ್ ಖಾಯ್‌ಗೆ ಬಂದು ಹನ್ನೊಂದು ವರ್ಷ. ಒಂದು ಸಲವೂ ತಪ್ಪಿಲ್ಲ. ಹದಿನೈದು ದಿನ ಮೊದಲೇ ಹೋಗಬಹುದು, ಏಳು ದಿನ ತಡವಾದರೂ ನಡೆಯುತ್ತದೆ. ಮೊದಲು ಹೋಗುವವರು ಪುಕ್ಕಲರು. ತಡವಾಗಿ ಹೋಗುವವನು ಐವರ್. ನಾನು ತೊಂಬತ್ತನೆಯ ದಿನವೇ, ಬೆಳಿಗ್ಗೆ ಎಂಟೂವರೆಗೆ, ಇಸ್ತ್ರಿ ಅಂಗಿಯಲ್ಲಿ.

ಐವರ್ ವೇಲ್ಸಿನವನು. ನೂಡಲ್ಸ್ ಅಂಗಡಿಯಲ್ಲಿ ನಾನು ನಡೆಸುವ ಉಚಿತ ಸಲಹಾ ಪೀಠದ ಕಾಯಂ ಭಕ್ತ. ಎರಡು ಸಲ ದಂಡ ತೆತ್ತಿದ್ದಾನೆ, ನಾಚಿಕೆಯಿಲ್ಲ. ಇಂದು ಅವನಿಗೆ ಪಾಠ: ಸೇತುವೆ ದಾಟಿ ಲಾವೋಸಿಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ವರದಿಯೇ ಬೇಡ. ಬಾಯಿ ಬಿಟ್ಟುಕೊಂಡು ಕೇಳಿದ. ನಾನು ಸತ್ತರೆ ಊರಿನ ಪರದೇಶಿಗಳಿಗೆಲ್ಲ ಯಾರು ದಿಕ್ಕು ಅಂತ ಅವನ ಚಿಂತೆ.

ಮಾರ್ಚ್ 15, ಶನಿವಾರ. ದಿನ 88.

ನದಿಯ ಆಚೆ ದಡದಿಂದ, ಲಾವೋಸಿನಿಂದ, ಫೋನ್. ನನ್ನ ಹೆಂಡತಿ ಜಿಯಾಪ್‌ಳ ಅಕ್ಕ ಬುವಾಫನ್ ವಿಯೆಂಟಿಯಾನ್ ಆಸ್ಪತ್ರೆಯಲ್ಲಿ. ಇನ್ನು ಎರಡು ದಿನವೋ ಮೂರೋ. ಜಿಯಾಪ್ ಬಟ್ಟೆ ತುಂಬಿಕೊಳ್ಳುತ್ತ ನನ್ನ ಎರಡು ಅಂಗಿಯನ್ನೂ ಚೀಲಕ್ಕೆ ಹಾಕಿದಳು.

ಸೋಮವಾರ ತೊಂಬತ್ತನೆಯ ದಿನ, ಕಚೇರಿಗೆ ಹೋಗಲೇಬೇಕು, ತಪ್ಪಿದರೆ ವೀಸಾಕ್ಕೆ ಸಂಚಕಾರ ಎಂದೆ. ಮುಖವನ್ನೂ ಅದಕ್ಕೆ ತಕ್ಕ ಹಾಗೆ ಮಾಡಿಕೊಂಡೆ. ಅವಳು ಅಂಗಿಗಳನ್ನು ಹೊರಗೆ ತೆಗೆದಿಟ್ಟಳು. "ಸರ್ಕಾರ ಬಿಡಲ್ಲ ಅಂದ್ರೆ ನೀವಾದ್ರೂ ಏನ್ ಮಾಡ್ತೀರಿ. ಫ್ರಿಜ್ಜಲ್ಲಿ ಮೀನಿದೆ, ಬಿಸಿ ಮಾಡ್ಕೊಳ್ಳಿ," ಎಂದು ಹೊರಟಳು.

ಇಲ್ಲಿ ಬರೆಯಬಹುದು, ಓದುವವರು ಯಾರೂ ಇಲ್ಲ. ಹೋಗಿ ಬರುವ ಅನುಮತಿಯ ಮುದ್ರೆ ನನ್ನ ಪಾಸ್‌ಪೋರ್ಟಿನಲ್ಲಿದೆ. ಹೋಗಿದ್ದರೆ ವರದಿಯ ಗೋಜೇ ಇರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ನೆಲದ ಮೇಲೆ ಮಂಡಿ ಮಡಚಿ ಕೂರಬೇಕು. ಎಲ್ಲರೂ ಲಾವೋ ಭಾಷೆಯಲ್ಲಿ ಮಾತಾಡಿ ನಗುತ್ತಾರೆ, ನಡುವೆ ನಾನು ಯಾರೋ ತಂದಿಳಿಸಿ ಹೋದ ಬೀರು. ಅಕ್ಕ ನನ್ನ ಅನ್ನದ ಬುಟ್ಟಿಗೆ ತಾನೇ ಅಂಟು ಅನ್ನ ತುಂಬುತ್ತಾಳೆ, ಬೇಡವೆಂದರೂ. ಅಷ್ಟೇ ಕಾರಣ. ಬೇರೆ ಏನಾದರೂ ಘನವಾದದ್ದು ಸಿಕ್ಕೀತೇ ಎಂದು ಹುಡುಕಿದೆ. ಇಲ್ಲ.

ಮಾರ್ಚ್ 17. ದಿನ 90. ಬೆಳಿಗ್ಗೆ 9:10.

ಟೋಕನ್ 4. ಕಿಟಕಿಯ ಮೇಡಂ ನಕ್ಕು, ಗಡಿಯಾರ ಸರಿಮಾಡಿಕೊಳ್ಳಲು ನಿಮ್ಮನ್ನೇ ನೋಡಬೇಕು ಎಂದರು. ಚೀಟಿ ಸಿಕ್ಕಿತು. ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಅದೇ ದಿನ, 11:00.

ಬುವಾಫನ್ ಹೋದಳಂತೆ. ಒಂಬತ್ತು ಗಂಟೆಗೆ.

ಮಾರ್ಚ್ 22.

ಜಿಯಾಪ್ ಬಂದಳು. ಸೊರಗಿದ್ದಾಳೆ. ಹೆಣದ ಮುಂದೆ ಸತ್ತವರ ಫೋಟೋ ಹಿಡಿದು ನಡೆಯುವುದು ಮನೆಯ ಗಂಡಸಿನ ಕೆಲಸ. ಅವರಿಗೆ ಅಣ್ಣತಮ್ಮಂದಿರಿಲ್ಲ, ಅಕ್ಕನ ಗಂಡ ಎಂದೋ ಓಡಿಹೋದವನು. ಫೋಟೋ ನನಗೆಂದು ಇಟ್ಟಿದ್ದರಂತೆ. ಕೊನೆಗೆ ಪಕ್ಕದ ಮನೆಯ ಟೈಲರ್ ಹಿಡಿದನಂತೆ.

ಅಕ್ಕ ಕೊನೆಯವರೆಗೂ ನನ್ನನ್ನು ಕೇಳಿದಳಂತೆ. ಸರ್ಕಾರ ಬಿಡಲಿಲ್ಲ ಎಂದು ಜಿಯಾಪ್ ಹೇಳಿದಳಂತೆ. "ಪಾಪ, ಅಂದ್ಲು. ಪರದೇಶಿ ಬಾಳು ಕಷ್ಟ, ನೀನೇ ಅವನ್ನ ಚೆನ್ನಾಗಿ ನೋಡ್ಕೋ ಅಂದ್ಲು."

ನಾನು ಮೀನು ಬಿಸಿ ಮಾಡಲು ಎದ್ದುಹೋದೆ.

ಮಾರ್ಚ್ 23, ಭಾನುವಾರ.

ನೂಡಲ್ಸ್ ಅಂಗಡಿ. ಐವರ್ ಸಂತಾಪ ಹೇಳಲೆಂದು ನಮ್ಮ ಮೇಜಿಗೆ ಬಂದ. ಅಲ್ಲಿಗೇ ನಿಲ್ಲಿಸಿದ್ದರೆ ಅವನು ಐವರ್ ಹೇಗಾದಾನು? ಮೊನ್ನೆ ತಾನೂ ಸೇತುವೆ ದಾಟಿ ಬಂದನಂತೆ. ಎಣಿಕೆ ಹೊಸದಾಯಿತಂತೆ. ದಂಡವಿಲ್ಲ, ಸಾಲಿಲ್ಲ, ಸ್ವರ್ಗ.

"ನೀನ್ಯಾಕೆ ಮಾರಾಯ ಹೋಗಿ ಕ್ಯೂ ನಿಂತೆ? ಅಕ್ಕನ್ನ ನೋಡ್ಕೊಂಡು ಬಂದಿದ್ರೆ ಆಗ್ತಿತ್ತಲ್ಲ. ನೀನೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು, ಹೋದ ಸೋಮವಾರದ ಹಿಂದಿನ ಸೋಮವಾರ, ಇದೇ ಕುರ್ಚೀಲಿ."

ಐವರ್‌ಗೆ ತನ್ನ ಹುಟ್ಟಿದ ದಿನ ನೆನಪಿರುವುದಿಲ್ಲ. ಇದು ಮಾತ್ರ ನೆನಪಿತ್ತು.

ಜಿಯಾಪ್ ನನ್ನನ್ನು ನೋಡಿದಳು. ಆ ಗಡಿಬಿಡಿಯಲ್ಲಿ ಮರೆತುಹೋಯಿತು ಎಂದೆ. ಊರಿಗೆಲ್ಲ ನಿಯಮ ಹೇಳುವವನು. ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಮೆಲ್ಲಗೆ ಹೇಳಿದಳು: "ಸಾಯೋಳ ಮುಂದೆ ನನ್ನ ಕೈಲಿ ಸುಳ್ಳು ಹೇಳಿಸಿದ್ರಲ್ಲ."

ಏಪ್ರಿಲ್ 14.

ಥಾಯ್ ಹೊಸ ವರ್ಷ. ಬೀದಿಯೆಲ್ಲ ನೀರೆರಚಾಟ. ನಮ್ಮ ಮನೆ ಒಣಗಿದೆ. ಅಡುಗೆ ಆಗುತ್ತದೆ, ಬಟ್ಟೆ ಒಗೆಯಲಾಗುತ್ತದೆ, ಮಾತಿಲ್ಲ. ಬೈದಿದ್ದರೆ ವಾಸಿ. ಬೈಗುಳಕ್ಕೆ ನನ್ನ ಬಳಿ ಉತ್ತರಗಳು ಸಿದ್ಧವಿವೆ.

ಮೇ 4.

ಅಕ್ಕನ ಐವತ್ತನೆಯ ದಿನದ ಪುಣ್ಯಕಾರ್ಯ ಹತ್ತಿರ ಬಂತೆಂದು ಆಚೆ ದಡಕ್ಕೆ ಹೊರಟಳು. ನಾನೂ ಬರುತ್ತೇನೆ ಎಂದೆ. ಬೇಡ, ನಿಮ್ಮ ಎಣಿಕೆ ಕೆಡುತ್ತದೆ ಎಂದಳು. ಚೀಲದಲ್ಲಿ ಮಳೆಗಾಲದ ಬಟ್ಟೆಯೂ ಇತ್ತು. ಮಳೆಗೆ ಇನ್ನೂ ತಿಂಗಳಿದೆ.

ಮೇ 30.

ಬಂದಿಲ್ಲ. ಜೂನ್ 9ಕ್ಕೆ ವರ್ಷದ ವೀಸಾ ವಿಸ್ತರಣೆ. ಹೆಂಡತಿಯ ಆಧಾರದ ಮೇಲಿರುವವನು ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಅರ್ಜಿ ಕೊಡಬೇಕು. ಜೊತೆಗೆ ಇಬ್ಬರೂ ಮನೆಯಲ್ಲಿ ನಗುನಗುತ್ತಿರುವ ಫೋಟೋ. ಇಲ್ಲದಿದ್ದರೆ ಅರವತ್ತೊಂಬತ್ತರಲ್ಲಿ ಡೆನ್ಮಾರ್ಕಿಗೆ ವಾಪಸು. ಅಲ್ಲಿ ನನ್ನವರೆಂದರೆ ಒಬ್ಬ ದಂತವೈದ್ಯ, ಅವನೂ ತೀರಿಕೊಂಡಿರಬಹುದು. ದಿನಾಂಕ, ಗಂಟೆ ಬರೆದು ಮೆಸೇಜ್ ಕಳಿಸಿದೆ. ಓದಿದ್ದಾಳೆ. ಉತ್ತರವಿಲ್ಲ.

ಆ ಮೆಸೇಜನ್ನು ಈಗ ನಾನೇ ಓದಿದೆ. ಹೇಗಿದ್ದೀಯ ಎಂಬ ಒಂದು ಪದ ಅದರಲ್ಲಿಲ್ಲ.

ಜೂನ್ 9. ಸಂಜೆ.

ಬಂದಿದ್ದಳು. ಎಂಟೂವರೆಗೆ ಸರಿಯಾಗಿ, ಬಿಳಿ ರವಿಕೆ ತೊಟ್ಟು. ಕಳೆದ ವರ್ಷ ಹಬ್ಬಕ್ಕೆ ತೆಗೆದ ಫೋಟೋಗಳನ್ನು ತಾನೇ ತಂದಿದ್ದಳು. ನಾನು ಏನೋ ಶುರುಮಾಡಿದೆ. ಸಾಲು ಮುಂದೆ ಹೋಗುತ್ತಿದೆ, ನಡೀರಿ ಎಂದಳು.

ಮೇಡಂ ವಾಡಿಕೆಯ ಪ್ರಶ್ನೆ ಕೇಳಿದರು. ನಿಮ್ಮ ಯಜಮಾನರು ಹೇಗೆ, ಸರಿಯಾಗಿದ್ದಾರಾ?

"ಬಹಳ ಶಿಸ್ತು, ಮೇಡಂ. ಒಂದು ತಾರೀಖೂ ತಪ್ಪಿಸಿಲ್ಲ. ಏನಾದ್ರೂ ಆಗ್ಲಿ, ತಪ್ಪಿಸಲ್ಲ."

ಮೇಡಂ ಮೆಚ್ಚಿ ತಲೆದೂಗಿ ಮುದ್ರೆ ಒತ್ತಿದರು.

ಹೊರಗೆ ಅವಳಿಗೆಂದು ಟುಕ್‌ಟುಕ್ ಕಾಯುತ್ತಿತ್ತು. ಮನೆಗಾ ಎಂದು ಕೇಳಿದೆ. ಅಕ್ಕನಿಗೆ ಕೊಟ್ಟ ಮಾತು ಇದು, ನಿಮ್ಮನ್ನು ನೋಡಿಕೊಂಡಾಯಿತು ಎಂದಳು. ಗಾಡಿ ಸೇತುವೆಯ ಕಡೆ ತಿರುಗಿತು.

ಮುದ್ರೆ ಚೆನ್ನಾಗಿ ಮೂಡಿದೆ. ಎಲ್ಲೂ ಶಾಯಿ ಹರಡಿಲ್ಲ.

ಜೂನ್ 10. ಬೆಳಿಗ್ಗೆ 5:20.

ಸೇತುವೆ ತೆರೆಯುವುದು ಆರಕ್ಕೆ. ಇಸ್ತ್ರಿ ಅಂಗಿ ಒಂದೂ ಇಲ್ಲ, ಸುಕ್ಕಾದದ್ದೇ ಹಾಕಿಕೊಂಡೆ. ಅವಳ ಮುಂದೆ ನಿಂತಾಗ ನನ್ನ ಥಾಯ್ ಯಾವಾಗಲೂ ಕೈಕೊಡುತ್ತದೆ. ಅದಕ್ಕೇ ಮೊದಲು ಬರೆದು ಕಲಿಯುತ್ತಿದ್ದೇನೆ. ಮರೆತಿರಲಿಲ್ಲ. ಆ ಶನಿವಾರ, ನೀನು ಅಂಗಿ ಹೊರಗೆ ತೆಗೆದಿಡುವಾಗಲೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು—